ಎಡಿಟರ್‌ನ ಶಾರ್ಟ್‌ಕಟ್‌ಗಳು ಸಿ ಪ್ಲಸ್ ಪ್ಲಸ್ ಕೋಡ್‌ನಲ್ಲೇ ಇವೆ. ಲುವಾ (ಪ್ರೋಗ್ರಾಂ ಒಳಗೆ ಕೂರಿಸುವ ಪುಟ್ಟ ಭಾಷೆ) ಸ್ಕ್ರಿಪ್ಟ್‌ಗೆ ಹಾಕಲಾ, ಬರೀ ಡೇಟಾ ಇರುವ ಜೇಸನ್ ಫೈಲ್ ಸಾಕಾ? ನಿಧಾನ ಆಗುತ್ತಾ?

ಲುವಾನೋ ಜೇಸನ್ನೋ ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ನಮ್ಮ ಎಡಿಟರ್‌ನಲ್ಲೂ ಎಲ್ಲ ಕೀಗಳು ಕೋಡ್‌ನ ಒಂದು ಉದ್ದ ಸ್ವಿಚ್ ಸ್ಟೇಟ್‌ಮೆಂಟ್ ಒಳಗಿದ್ದವು, ಒಂದನ್ನು ಬದಲಿಸಬೇಕಾದರೂ ಮತ್ತೆ ಕಂಪೈಲ್ ಮಾಡಬೇಕಿತ್ತು. ಲುವಾ ಸೇರಿಸಿದ್ದು ಸುಲಭವಾಗೇ ಆಯ್ತು. ಒದ್ದಾಡಿದ್ದು ಬೇರೆ ಕಡೆ.

ಡೀಫಾಲ್ಟ್ ಶಾರ್ಟ್‌ಕಟ್‌ಗಳಿದ್ದ ಇಡೀ ಲುವಾ ಫೈಲನ್ನು, ಮೊದಲ ಸಲ ಎಡಿಟರ್ ತೆರೆದಾಗ ಬಳಸುವವರ ಹೋಮ್ ಫೋಲ್ಡರ್‌ಗೆ ಕಾಪಿ ಮಾಡಿಬಿಡುತ್ತಿದ್ದೆ. ಕಣ್ಣೆದುರಿಗೆ ಇದ್ದರೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತಾರೆ ಅಲ್ವಾ ಅಂತ. ಮುಂದಿನ ಆವೃತ್ತಿಯಲ್ಲಿ ಒಂದು ಕಮಾಂಡ್‌ನ ಹೆಸರು ಬದಲಿಸಿದೆವು. ಹೊಸಬರಿಗೆ ಏನೂ ಗೊತ್ತಾಗಲಿಲ್ಲ. ಹಳಬರ ಕಾಪಿಯಲ್ಲಿ ಇನ್ನೂ ಹಳೆ ಹೆಸರೇ ಇತ್ತು, ಲುವಾಗೆ ಅಲ್ಲಿ ಸಿಕ್ಕಿದ್ದು ನಿಲ್, ಅಂದರೆ ಏನೂ ಇಲ್ಲ, ಸ್ಕ್ರಿಪ್ಟ್ ಆ ಸಾಲಿಗೇ ನಿಂತಿತು, ಅದರ ಕೆಳಗಿದ್ದ ಶಾರ್ಟ್‌ಕಟ್‌ಗಳು ಒಂದೂ ಲೋಡ್ ಆಗಲಿಲ್ಲ. ಸೇವ್ ಕೆಳಗಿತ್ತು. ಕ್ವಿಟ್ ಕೂಡ. ಎರರ್ ಬಂದರೆ ಹಿಡಿದುಕೊಳ್ಳುವ ಲುವಾದ ಪಿಕಾಲ್‌ನಲ್ಲಿ ಸುತ್ತಿದ್ದರಿಂದ ಎಡಿಟರ್ ಬೀಳಲಿಲ್ಲ, ಅದೇ ಇನ್ನೂ ಕೆಟ್ಟದ್ದು: ಎರರ್ ಇಲ್ಲ, ಸುಮ್ನೆ ಕೀಗಳು ಕೆಲಸ ಮಾಡಲ್ಲ.

ಸರಿ ಮಾಡೋಣ ಅಂದರೆ ದಾರಿಯೇ ಇರಲಿಲ್ಲ. ಆ ಫೈಲಿನಲ್ಲಿ ನಾವು ಕೊಟ್ಟ ಸಾಲು ಯಾವುದು, ಅವರು ಬರೆದದ್ದು ಯಾವುದು ಅಂತ ಹೇಗೆ ಹೇಳುವುದು? ಹೊಸ ಫೈಲ್ ಹಾಕಿದರೆ ಅವರ ಬದಲಾವಣೆ ಹೋಗುತ್ತದೆ. ಹಾಕದಿದ್ದರೆ ಹೊಸ ಶಾರ್ಟ್‌ಕಟ್ ಅವರಿಗೆ ಯಾವತ್ತೂ ಸಿಗುವುದಿಲ್ಲ.

ಆದ್ದರಿಂದ ಕಾಪಿ ಕೊಡಬೇಡಿ. ಎಂಪಿವಿ ವಿಡಿಯೋ ಪ್ಲೇಯರ್ ನೋಡಿ. ಅದರ ಡೀಫಾಲ್ಟ್ ಪಟ್ಟಿ ಒಂದು ಟೆಕ್ಸ್ಟ್ ಫೈಲ್, ಬಿಲ್ಡ್ ಮಾಡುವಾಗ ಬೈನರಿಯೊಳಗೇ ಸೇರುತ್ತದೆ. ಬಳಸುವವರ ಫೈಲೂ ಅದೇ ರೀತಿಯ ಸಾಲುಗಳಲ್ಲೇ ಇರುತ್ತದೆ, ಆದರೆ ಅದರಲ್ಲಿ ಬದಲಾವಣೆಗಳಷ್ಟೇ. ನಿಯೋವಿಮ್ ಎಡಿಟರ್ ಕೂಡ ತನ್ನ ಡೀಫಾಲ್ಟ್ ಕೀ ಮ್ಯಾಪಿಂಗ್‌ಗಳನ್ನು ಲುವಾದಲ್ಲೇ ಬರೆದಿದೆ, ಆದರೂ ಆ ಫೈಲ್ ಅದರದ್ದೇ, ನಿಮ್ಮ ಕೈಗೆ ಕಾಪಿ ಬರುವುದಿಲ್ಲ. ಡೀಫಾಲ್ಟ್ ಕೀಯನ್ನು ತೆಗೆಯುವ ದಾರಿಯೂ ಬೇಕು. ವಿಎಸ್ ಕೋಡ್‌ನಲ್ಲಿ ಕಮಾಂಡ್ ಹೆಸರಿನ ಮುಂದೆ ಮೈನಸ್ ಹಾಕಿದರೆ ಆಯ್ತು. ಇದನ್ನು ಮರೆತರೆ ಜನ ಏನೂ ಮಾಡದ ಖಾಲಿ ಫಂಕ್ಷನ್ ಬರೆದು ಆ ಕೀಗೆ ಕಟ್ಟುತ್ತಾರೆ.

ನೀವು ಮೊದಲು ಮಾಡಬೇಕಾದ್ದು ಪ್ರತಿ ಕೆಲಸಕ್ಕೂ ಒಂದು ಹೆಸರು ಕೊಡುವುದು. ಹೆಸರು ಬದಲಿಸಿದರೂ ಹಳೆಯದು ನಡೆಯುತ್ತಿರಲಿ. ಇಷ್ಟಾದರೆ ಜೇಸನ್ನೂ ಸಾಕು, ಲುವಾ ಆಮೇಲೆ ಬೇಕೆನಿಸಿದರೆ ಹಾಕಿ. ನಿಧಾನದ ಚಿಂತೆ ಬಿಡಿ, ಸ್ಕ್ರಿಪ್ಟ್ ಓಡುವುದು ಶುರುವಿನಲ್ಲಿ ಒಂದೇ ಸಲ, ಕೀ ಒತ್ತಿದಾಗ ಟೇಬಲ್‌ನಲ್ಲಿ ಹುಡುಕುವುದು ಅಷ್ಟೇ. ಕ್ವಿಟ್ ಮತ್ತು ರೀಲೋಡ್ ಮಾತ್ರ ಸಿ ಪ್ಲಸ್ ಪ್ಲಸ್‌ನಲ್ಲೇ ಇರಲಿ, ಸ್ಕ್ರಿಪ್ಟ್ ಕೆಟ್ಟಾಗ ಅವೇ ಗತಿ.

ಇನ್ನೊಂದು ವಿಷಯ. ಲಿನಕ್ಸ್‌ನಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಲೇಔಟ್ ಆನ್ ಇದ್ದರೆ ಎಚ್ ಕೀಯಿಂದ ಬರುವುದು ಪ. ಅಕ್ಷರ ನೋಡಿ ಹೊಂದಿಸುವ ಕೋಡ್‌ಗೆ ಕಂಟ್ರೋಲ್-ಎಚ್ ಆಗ ಸಿಗುವುದೇ ಇಲ್ಲ. ಅಕ್ಷರ ಹೊಂದದಿದ್ದರೆ ಅದೇ ಕೀಯ ಇಂಗ್ಲಿಷ್ ಲೇಔಟಿನ ಅಕ್ಷರವನ್ನೂ ಹುಡುಕುವಂತೆ ಬರೆಯಿರಿ, ಈಗಲೇ.