ಪಿಎಚ್ 2ರಲ್ಲಿ ಒಂದಾಗಿ ಓಡುವ ಪೆಪ್ಟೈಡ್‌ಗಳು ಬೇರೆಯಾಗಬೇಕಾದರೆ

ಟ್ರಿಪ್ಸಿನ್‌ನಿಂದ (ಪ್ರೋಟೀನನ್ನು ತುಂಡರಿಸುವ ಕಿಣ್ವ) ಕತ್ತರಿಸಿದ ಎರಡು ಪೆಪ್ಟೈಡ್‌ಗಳ, ಅಂದರೆ ಅಮೈನೋ ಆಮ್ಲಗಳ ಕಿರು ಸರಪಳಿಗಳ, ಪೈಕಿ ಒಂದರಲ್ಲಿ ಗ್ಲುಟಾಮಿಕ್ ಆಮ್ಲವಿರುವ ಜಾಗದಲ್ಲಿ ಇನ್ನೊಂದರಲ್ಲಿ ಅಲನಿನ್ ಇದ್ದರೂ, ಪಿಎಚ್ 2ರ ಬಫರಿನಲ್ಲಿ (ಪಿಎಚ್ ಬದಲಾಗದಂತೆ ಹಿಡಿಯುವ ದ್ರಾವಣದಲ್ಲಿ) ಕಾಗದದ ಎಲೆಕ್ಟ್ರೋಫೋರೆಸಿಸ್ (ವಿದ್ಯುತ್ ಕ್ಷೇತ್ರದಲ್ಲಿ ಅಣುಗಳನ್ನು ಆವೇಶಕ್ಕೆ ತಕ್ಕಂತೆ ಬೇರ್ಪಡಿಸುವ ವಿಧಾನ) ನಡೆಸಿದಾಗ ಎರಡೂ ಒಂದೇ ಕಡೆ ಬಂದು ನಿಲ್ಲುವುದೇಕೆ ಎಂದು ಕೇಳಿದ್ದೀರಿ. ನಿಮ್ಮ ಕೈಕೆಲಸಕ್ಕಿಂತ ಮೊದಲು ಪಿಎಚ್ ಅನ್ನೇ ಅನುಮಾನಿಸಬೇಕೆಂದು ನನಗನಿಸುತ್ತದೆ. ಅಷ್ಟು ಆಮ್ಲೀಯ ದ್ರಾವಣದಲ್ಲಿ ಗ್ಲುಟಾಮಿಕ್ ಆಮ್ಲದ ಪಾರ್ಶ್ವಸರಪಳಿ ತನ್ನ ಪ್ರೋಟಾನನ್ನು ಬಿಟ್ಟುಕೊಡುವುದಿಲ್ಲ. ಋಣಾವೇಶವೇ ಇಲ್ಲದ ಮೇಲೆ ವಿದ್ಯುತ್ ಕ್ಷೇತ್ರದ ಮಟ್ಟಿಗೆ ಅದಕ್ಕೂ ಅಲನಿನ್‌ಗೂ ಭೇದವಿರುವುದಿಲ್ಲ.

ಜೀವರಸಾಯನಶಾಸ್ತ್ರಜ್ಞ ವರ್ನನ್ ಇಂಗ್ರಾಮ್ 1956ರಲ್ಲಿ ಕೇಂಬ್ರಿಜ್‌ನಲ್ಲಿ ಮಾಡಿದ ಪ್ರಯೋಗವನ್ನು ಗಮನಿಸಿ. ಸಿಕಲ್ ಸೆಲ್ ರಕ್ತಹೀನತೆಯ ಹಿಮೋಗ್ಲೋಬಿನ್ನಿನ ಆವೇಶ ಸಾಮಾನ್ಯ ಹಿಮೋಗ್ಲೋಬಿನ್ನಿನದಕ್ಕಿಂತ ಬೇರೆ ಎಂದು ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು 1949ರಲ್ಲೇ ತೋರಿಸಿದ್ದರು. ಆ ವ್ಯತ್ಯಾಸ ಅಣುವಿನ ಯಾವ ಭಾಗದಲ್ಲಿದೆ ಎಂಬುದು ಉಳಿದಿದ್ದ ಪ್ರಶ್ನೆ. ಇಂಗ್ರಾಮ್ ಎರಡನ್ನೂ ಟ್ರಿಪ್ಸಿನ್‌ನಿಂದ ಕತ್ತರಿಸಿ, ಪಿಎಚ್ 6.4ರಲ್ಲಿ ಕಾಗದದ ಮೇಲೆ ಓಡಿಸಿ, ಬಳಿಕ ಅಡ್ಡ ದಿಕ್ಕಿನಲ್ಲಿ ಕ್ರೊಮ್ಯಾಟೋಗ್ರಫಿ (ದ್ರಾವಕ ಹರಿಸಿ ಬೇರ್ಪಡಿಸುವ ವಿಧಾನ) ನಡೆಸಿದಾಗ, ಸುಮಾರು 30 ಚುಕ್ಕೆಗಳಲ್ಲಿ ಒಂದು ಮಾತ್ರ ಜಾಗ ಬದಲಿಸಿತ್ತು. ಎಂಟು ಅಮೈನೋ ಆಮ್ಲಗಳ ಆ ತುಣುಕಿನ ಎರಡು ಗ್ಲುಟಾಮಿಕ್ ಆಮ್ಲಗಳಲ್ಲಿ ಒಂದರ ಜಾಗಕ್ಕೆ ಸಿಕಲ್ ಸೆಲ್ ಹಿಮೋಗ್ಲೋಬಿನ್ನಿನಲ್ಲಿ ಪಾರ್ಶ್ವಸರಪಳಿಯಲ್ಲಿ ಆವೇಶವಿಲ್ಲದ ವ್ಯಾಲೀನ್ ಬಂದಿತ್ತು. ಪಿಎಚ್ 6.4ರಲ್ಲಿ ಗ್ಲುಟಾಮಿಕ್ ಆಮ್ಲ ಪ್ರೋಟಾನನ್ನು ಬಿಟ್ಟುಕೊಟ್ಟು ಋಣಾವೇಶ ಹೊತ್ತಿರುತ್ತದೆ; ಅಂಥ ಒಂದು ಋಣಾವೇಶ ಕಳೆದದ್ದರಿಂದ ಆ ತುಣುಕು ಋಣ ಧ್ರುವದತ್ತ ಸರಿಯಿತು. ಇವೇ ಎರಡು ತುಣುಕುಗಳನ್ನು ಪಿಎಚ್ 2ರಲ್ಲಿ ಓಡಿಸಿದರೆ ಎರಡಕ್ಕೂ ಹೆಚ್ಚುಕಡಿಮೆ ಮೂರು ಧನಾವೇಶಗಳೇ ಇರುತ್ತವೆ. ನೀವು ಕಂಡದ್ದೂ ಇಂಥದ್ದನ್ನೇ.

ಆದ್ದರಿಂದ ಪಿರಿಡಿನ್ ಮತ್ತು ಅಸಿಟಿಕ್ ಆಮ್ಲದಿಂದ ಪಿಎಚ್ 6.4 ಅಥವಾ 6.5ರ ಬಫರ್ ಮಾಡಿಕೊಳ್ಳಿ. ಅದರ ಘಾಟು ಕೆಟ್ಟದ್ದು, ಆವಿ ಹಾನಿಕರ, ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗೂಡು) ಬಿಟ್ಟು ಹೊರಗೆ ತೆರೆಯಬೇಡಿ. ಆದರೆ ಆರಿದ ಮೇಲೆ ಲವಣ ಉಳಿಸದೆ ಹೋಗುವುದರಿಂದ ನನಗೆ ಇಂದಿಗೂ ಅದೇ ಇಷ್ಟ. ಕಾಗದವನ್ನು ಬರಿಗೈಯಲ್ಲಿ ಮುಟ್ಟಲೇಬಾರದು. ನಾನು ಹೊಸದಾಗಿ ಕಲಿಯುತ್ತಿದ್ದಾಗ ಒಮ್ಮೆ, ಅಮೈನೋ ಆಮ್ಲಗಳಿಗೆ ಬಣ್ಣ ಬರಿಸುವ ನಿನ್‌ಹೈಡ್ರಿನ್ ಸಿಂಪಡಿಸಿ ಬಿಸಿಮಾಡಿದ ಕಾಗದದ ಅಂಚಿನಲ್ಲಿ, ಪೆಪ್ಟೈಡ್‌ಗಳಿಗಿಂತ ಗಾಢವಾಗಿ ನನ್ನ ಹೆಬ್ಬೆರಳಿನ ಗೆರೆಗಳು ನೇರಳೆ ಬಣ್ಣದಲ್ಲಿ ಮೂಡಿದ್ದವು.

ಇನ್ನೊಂದು ಮಾತು: ಕಾಗದದಲ್ಲಿ ದ್ರವವೇ ನಿಧಾನವಾಗಿ ಋಣ ಧ್ರುವದತ್ತ ಹರಿಯುವುದರಿಂದ ಆವೇಶವಿಲ್ಲದ ವಸ್ತುವೂ ಆರಂಭದ ಗೆರೆಯಿಂದ ಸ್ವಲ್ಪ ಸರಿದಿರುತ್ತದೆ. ಪಕ್ಕದಲ್ಲಿ ಒಂದು ಚುಕ್ಕೆ ಲ್ಯೂಸಿನ್ (ಈ ಪಿಎಚ್‌ನಲ್ಲಿ ಹೆಚ್ಚುಕಡಿಮೆ ನಿವ್ವಳ ಆವೇಶವಿಲ್ಲದ ಅಮೈನೋ ಆಮ್ಲ) ಇಟ್ಟು, ದೂರವನ್ನು ಪೆನ್ಸಿಲ್ ಗೆರೆಯ ಬದಲು ಆ ಲ್ಯೂಸಿನ್‌ನಿಂದ ಅಳೆಯಿರಿ.