ಬೇಸಿಗೆಯಲ್ಲಿ ಸಿಂಹಗಡ: ನಡೆದು ಹತ್ತಿ, ಕಾರಿನಲ್ಲಿ ಇಳಿಯಿರಿ

ನಮಸ್ಕಾರ. ಧಾರವಾಡದಿಂದ ಪುಣೆಗೆ ಬಂದು ವರ್ಷವಾಯಿತು, ಮೇ ರಜೆಯಲ್ಲಿ ಗಂಡ, ಮೈದುನ, ಆರು ಮತ್ತು ಹತ್ತು ವರ್ಷದ ಮಕ್ಕಳು, ಅರವತ್ತಮೂರರ ಅತ್ತೆ, ಎಲ್ಲರೂ ಸೇರಿ ಪುಣೆ ಹತ್ತಿರದ ಬೆಟ್ಟದ ಕೋಟೆ ಸಿಂಹಗಡ ಹತ್ತಬಹುದೇ, ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಸಾಕೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಒಂಬತ್ತು ಗಂಟೆಗೆ ನೀವು ಗಡದ ಮೇಲೆ ಕುಳಿತು ಬುತ್ತಿ ಬಿಚ್ಚಿರಬೇಕು.

ಪಾಯಥಾ ಎಂದು ಇಲ್ಲಿಯವರು ಕರೆಯುವ ಬೆಟ್ಟದ ಬುಡ ಅತ್ಕರವಾಡಿ ಎಂಬ ಊರಿನಲ್ಲಿದೆ. ಅಲ್ಲಿಂದ ಮೂರು ಕಿಲೋಮೀಟರಿಗೂ ಕಡಿಮೆ ದಾರಿಯಲ್ಲಿ ಸುಮಾರು 600 ಮೀಟರ್ ಏರಬೇಕು. ಮಕ್ಕಳೊಂದಿಗೆ ಎರಡು ಗಂಟೆ ಹಿಡಿಯುತ್ತದೆ. ಮೇಲಕ್ಕೆ ಹೋದಂತೆ ನೆರಳು ಕಡಿಮೆ, ಕಾಲಡಿ ಕರಿಕಲ್ಲು ಮತ್ತು ಜಾರುವ ಗರಸು. ಗಡದ ಎತ್ತರ ಸಮುದ್ರಮಟ್ಟದಿಂದ 1,300 ಮೀಟರಿಗೂ ಹೆಚ್ಚು, ಹಾಗಾಗಿ ಮೇಲೆ ಬುಡಕ್ಕಿಂತ ಮೂರು-ನಾಲ್ಕು ಡಿಗ್ರಿ ತಂಪು, ಗಾಳಿಯೂ ಬೀಸುತ್ತದೆ. ಮೋಸವಾಗುವುದು ಇಲ್ಲಿಯೇ. ಆ ಗಾಳಿಗೆ ಮೈಮರೆತು ಕುಳಿತು ಹನ್ನೊಂದಕ್ಕೆ ಇಳಿಯಲು ಹೊರಟರೆ, ಹತ್ತುವಾಗ ತಣ್ಣಗಿದ್ದ ಅದೇ ಕಲ್ಲು ಕಾದ ಹೆಂಚಾಗಿರುತ್ತದೆ.

ನನ್ನ ಚಿಕ್ಕ ಮಗಳು ಏಳು ವರ್ಷದವಳಿದ್ದಾಗ ಏಪ್ರಿಲ್‌ನಲ್ಲಿ ನಾವು ಮಾಡಿದ್ದು ಇದೇ ತಪ್ಪು. ಹತ್ತುವಾಗ ಬಾಯಿ ಮುಚ್ಚದೆ ಮಾತಾಡಿದ್ದವಳು ಇಳಿಯುವಾಗ ಒಮ್ಮೆಲೇ ಸುಮ್ಮನಾದಳು. ದಣಿದಿದ್ದಾಳೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ತಲೆನೋವು ಎಂದಳು, ವಾಂತಿ ಮಾಡಿದಳು. ಸಣ್ಣ ಪೊದೆಯ ನೆರಳಿನಲ್ಲಿ ಕೂರಿಸಿ, ಒದ್ದೆ ಬಟ್ಟೆಯನ್ನು ಕತ್ತು, ಕಂಕುಳಿಗೆ ಒತ್ತಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿದ ಮೇಲೆ ಚೇತರಿಸಿಕೊಂಡಳು. ಆ ಅರ್ಧ ಗಂಟೆ ನನಗೆ ಇಂದಿಗೂ ನೆನಪಿದೆ. ಮಕ್ಕಳು ಬಾಯಾರಿಕೆ ಎಂದು ಹೇಳುವವರೆಗೆ ಕಾಯಬೇಡಿ, ಕಾಲು ಗಂಟೆಗೊಮ್ಮೆ ನೀವೇ ಕುಡಿಸಿ. ಯಾರಾದರೂ ತಡಬಡಿಸಿ ಮಾತಾಡಿದರೆ, ಮೈ ಕಾದಿದ್ದೂ ಬೆವರು ನಿಂತರೆ ಅದು ದಣಿವಲ್ಲ. ತಕ್ಷಣ ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಿ, ಕಾಯುತ್ತಲೇ ಮೈ ತಣಿಸುತ್ತಿರಿ.

ಹಾಗಾಗಿ ನನ್ನ ಸಲಹೆ ಇದು. ಐದಕ್ಕೆ ಮನೆ ಬಿಡಿ. ಪುಣೆಯಿಂದ ಬುಡಕ್ಕೆ ಸುಮಾರು ಮೂವತ್ತು ಕಿಲೋಮೀಟರ್. ನಿಮ್ಮ ಯಜಮಾನರು ನಿಮ್ಮನ್ನು, ಮೈದುನನನ್ನು, ಮಕ್ಕಳನ್ನು ಅತ್ಕರವಾಡಿಯಲ್ಲಿ ಇಳಿಸಿ, ಅತ್ತೆಯವರನ್ನು ಘಾಟಿನ ರಸ್ತೆಯಿಂದ ಕಾರಿನಲ್ಲಿ ಮೇಲೆ ಕರೆದೊಯ್ಯಲಿ. ನೀವು ಸೂರ್ಯ ಮೂಡುವ ಹೊತ್ತಿಗೆ ನಡೆಯಲು ಶುರು ಮಾಡಿದರೆ ಎಂಟರ ಸುಮಾರಿಗೆ ಗಡದ ಬಾಗಿಲಾದ ಪುಣೆ ದರವಾಜಾ ತಲುಪುತ್ತೀರಿ. ಇಳಿಯುವಾಗ ಎಲ್ಲರೂ ಕಾರಿನಲ್ಲಿ. ಅತ್ತೆಯವರ ಮೊಣಕಾಲಿಗೂ ಇದೇ ಒಳ್ಳೆಯದು, ಹೆಚ್ಚಿನ ನೀರೂ ಕಾರಿನಲ್ಲಿ ಮೇಲೆ ಬಂದಿರುತ್ತದೆ. ಕಾರನ್ನು ಬುಡದಲ್ಲಿ ನಿಲ್ಲಿಸಿ ಜೀಪಿನಲ್ಲಿ ಇಳಿಯುವ ಯೋಚನೆ ಬೇಡ, ಡಾಂಬರು ರಸ್ತೆ ಇಳಿಯುವುದು ಬೇರೆ ಕಡೆಗೆ. ಭಾನುವಾರ ಘಾಟಿನಲ್ಲಿ ವಾಹನಗಳ ಸಾಲು ನಿಲ್ಲುತ್ತದೆ, ವಾರದ ದಿನವೇ ವಾಸಿ. ಗಡವನ್ನು ಕೆಲವೊಮ್ಮೆ ಕಾಮಗಾರಿಗಾಗಿ ಮುಚ್ಚುತ್ತಾರೆ, ಹಿಂದಿನ ದಿನ ವಿಚಾರಿಸಿಕೊಳ್ಳಿ.

ನೀರು ದೊಡ್ಡವರಿಗೆ ತಲಾ ಮೂರು ಲೀಟರ್, ಮಕ್ಕಳಿಗೆ ಒಂದೂವರೆ. ಗಡದ ಮೇಲಿನ ಹಳೆಯ ನೀರಿನ ತೊಟ್ಟಿ ದೇವಟಾಕೆಯ ನೀರನ್ನು ಮಕ್ಕಳಿಗೆ ತೋರಿಸಿ, ಕುಡಿಸಬೇಡಿ. ಬುತ್ತಿಗೆ ಮೊಸರನ್ನ ಬೇಡ, ಸೆಕೆಗೆ ಹುಳಿಯಾಗುತ್ತದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಸೌತೆಕಾಯಿ, ಒಂದಿಷ್ಟು ಅಂಟಿನುಂಡೆ ಸಾಕು. ಮೇಲೆ ಪಿಠ್ಲ-ಭಾಕರಿ ಸಿಕ್ಕರೆ ಅತ್ತೆಯವರಿಗೆ ಕೊಡಿಸಿ, ನಮ್ಮ ಝುಣಕ-ರೊಟ್ಟಿಯೇ ಅದು. ದಾರಿಯಲ್ಲಿ ಕವಳಿ ಹಣ್ಣು ಮಾರುವವರು ಕಂಡರೆ ಮಕ್ಕಳ ಬಾಯಿಗೆ ಒಂದಿಷ್ಟು.

ತೋಳು ಮುಚ್ಚುವ ಹತ್ತಿ ಬಟ್ಟೆ, ಟೊಪ್ಪಿಗೆ, ಹಿಡಿತವಿರುವ ಬೂಟು. ಅತ್ತರು ಬೇಡ. ಸಹ್ಯಾದ್ರಿಯ ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತವೆ, ಅವುಗಳ ಬಳಿ ಗಲಾಟೆಯೂ ಬೇಡ, ಹೊಗೆಯೂ ಬೇಡ.

ಆರು ವರ್ಷದವನು ಅರ್ಧ ದಾರಿಯಲ್ಲಿ ಕಾಲು ನೋವು ಎಂದರೆ, 1670ರ ಫೆಬ್ರವರಿ 4ರ ರಾತ್ರಿ ಶಿವಾಜಿಯ ಸೇನಾನಿ ತಾನಾಜಿ ಮಾಲುಸರೆ ಇದೇ ಗಡವನ್ನು ಕತ್ತಲಲ್ಲಿ ಬಂಡೆ ಹತ್ತಿ ಗೆಲ್ಲಲು ಹೋರಾಡಿ ಮಡಿದ ಕಥೆ ಹೇಳಿ. ನನ್ನ ಮಗಳು ಅದನ್ನು ಕೇಳುತ್ತಾ ಕೊನೆಯ ಏರು ಹತ್ತಿದ್ದಳು. ಅಷ್ಟಕ್ಕೂ ಆಗದಿದ್ದರೆ ತಿರುಗಿ ಬನ್ನಿ. ಏಳೂವರೆಯೊಳಗೆ ಅರ್ಧ ದಾರಿ ದಾಟದಿದ್ದರೂ ಅಷ್ಟೇ. ಹೋಗುವ ಮೊದಲು ಒಂದು ಬೆಳಿಗ್ಗೆ ಪುಣೆಯ ಪರ್ವತಿ ಗುಡ್ಡದ ನೂರಮೂರು ಮೆಟ್ಟಿಲು ಎರಡು ಸಲ ಹತ್ತಿಸಿ ನೋಡಿ, ಅವನ ಬೂಟು ಕಚ್ಚುತ್ತದೆಯೇ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಹಿಂದಿನ ರಾತ್ರಿ ಬಾಟಲಿಗಳಿಗೆ ಅರ್ಧ ನೀರು ತುಂಬಿ ಫ್ರೀಜರ್‌ನಲ್ಲಿ ಮಲಗಿಸಿಡಿ. ಬೆಳಿಗ್ಗೆ ಅದರ ಮೇಲೆ ನೀರು ಸುರಿದು ಹಳೆಯ ಕಾಲುಚೀಲದಲ್ಲಿ ತೂರಿಸಿದರೆ ಗಡ ತಲುಪುವವರೆಗೂ ತಣ್ಣಗಿರುತ್ತದೆ.