ಓದುಗರ ಪ್ರಶ್ನೆ: ಹಳೆಯ ಬೈಕಿಗೆ ಎಷ್ಟು ಹಲ್ಲಿನ ಸ್ಪ್ರಾಕೆಟ್?

ಪ್ರಶ್ನೆ: ನನ್ನ ಬಳಿ ಸುಮಾರು 35 ವರ್ಷ ಹಳೆಯದಾದ, ಒಂದೇ ಸಿಲಿಂಡರಿನ, ನಾಲ್ಕು ಗೇರುಗಳ ಮೋಟಾರ್ ಸೈಕಲ್ ಇದೆ. ಟಾಪ್ ಗೇರಿನಲ್ಲಿ 60 ಕಿ.ಮೀ. ವೇಗ ತಲುಪುತ್ತಿದ್ದಂತೆ ಎಂಜಿನ್ ಅರಚತೊಡಗುತ್ತದೆ, ಹ್ಯಾಂಡಲ್ ನಡುಗಿ ಕೈ ಜೋಮು ಹಿಡಿಯುತ್ತದೆ. ಮುಂದೆ 15, ಹಿಂದೆ 42 ಹಲ್ಲಿನ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲುಗಾಲಿ) ಎಂದು ಬೈಕಿನ ಕೈಪಿಡಿ ಹೇಳುತ್ತದೆ. ಮುಂದಿನದನ್ನು 16ಕ್ಕೆ ಏರಿಸಿ ಎಂದು ಮೆಕ್ಯಾನಿಕ್ ಹೇಳುತ್ತಾರೆ, ಹಿಂದಿನದನ್ನು 38ಕ್ಕೆ ಇಳಿಸಿ ಎಂದು ಸ್ನೇಹಿತರು ಹೇಳುತ್ತಾರೆ. ಯಾವುದು ಸರಿ? ಇದರಿಂದ ವೇಗ ಮತ್ತು ಮೈಲೇಜ್ ಎರಡೂ ಹೆಚ್ಚುತ್ತವೆಯೇ?

ಉತ್ತರ: ಇಬ್ಬರ ಸಲಹೆಯನ್ನೂ ಸ್ವಲ್ಪ ಹೊತ್ತು ಬದಿಗಿಟ್ಟು, ಈಗ ನಿಮ್ಮ ಬೈಕಿನಲ್ಲಿರುವ ಹಲ್ಲುಗಳನ್ನು ಮೊದಲು ಎಣಿಸಿ ನೋಡಿ. ಮೂವತ್ತೈದು ವರ್ಷಗಳಲ್ಲಿ ನಾಲ್ಕಾರು ಕೈ ದಾಟಿ ಬಂದಿರಬಹುದಾದ ಬೈಕಿನಲ್ಲಿ, ಕೈಪಿಡಿಯಲ್ಲಿ ಬರೆದಿರುವ ಸ್ಪ್ರಾಕೆಟ್ಟೇ ಇದೆ ಎಂದು ನಂಬಲು ಯಾವ ಆಧಾರವೂ ಇರುವುದಿಲ್ಲ. ಒಂದು ಹಲ್ಲಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹಿಂಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ಎಣಿಸಿ. ಎಂಜಿನ್ ಓಡುತ್ತಿರುವಾಗ ಚೈನಿನ ಹತ್ತಿರ ಬೆರಳು ಒಯ್ಯಲೇಬಾರದು. ನಾನು ಒಮ್ಮೆ ನಿಮ್ಮಂತೆಯೇ ಅರಚುತ್ತಿದ್ದ ಹಳೆಯ ಬೈಕೊಂದರ ಮುಂದಿನ ಕವರನ್ನು ಬಿಚ್ಚಿದಾಗ, ಗ್ರೀಸು ಮತ್ತು ಧೂಳು ಸೇರಿ ಕಟ್ಟಿದ್ದ ಕಪ್ಪು ಗಟ್ಟಿಯ ಕೆಳಗೆ 13 ಹಲ್ಲಿನ ಸ್ಪ್ರಾಕೆಟ್ ಕಂಡಿತು. ಭಾರ ಹೊರಲೆಂದು ಹಿಂದಿನ ಮಾಲೀಕರು ಅದನ್ನು ಕೂರಿಸಿದ್ದಿರಬೇಕು. ಆ ಬೈಕಿಗೆ ಹೊಸ ಲೆಕ್ಕಾಚಾರವೇನೂ ಬೇಕಿರಲಿಲ್ಲ, ಮೂಲ ಅಳತೆಗೆ ಮರಳಿಸಿದರೆ ಸಾಕಾಗಿತ್ತು.

ಎಣಿಸಿದ ಮೇಲೆ 15 ಮತ್ತು 42 ಎಂದೇ ಖಚಿತವಾದರೆ ಲೆಕ್ಕಕ್ಕೆ ಬರೋಣ. ಹಿಂದಿನ ಹಲ್ಲುಗಳನ್ನು ಮುಂದಿನ ಹಲ್ಲುಗಳಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಚೈನಿನ ಅನುಪಾತ. ನಿಮ್ಮಲ್ಲಿ ಅದು 2.80, ಅಂದರೆ ಹಿಂಚಕ್ರ ಒಂದು ಸುತ್ತು ಬರಲು ಮುಂದಿನ ಸ್ಪ್ರಾಕೆಟ್ 2.8 ಸುತ್ತು ತಿರುಗಬೇಕು. ಮೆಕ್ಯಾನಿಕ್ ಹೇಳಿದಂತೆ ಮುಂದೆ 16 ಹಾಕಿದರೆ ಅದು 2.63ಕ್ಕೆ ಇಳಿಯುತ್ತದೆ, ಸ್ನೇಹಿತರು ಹೇಳಿದಂತೆ ಹಿಂದೆ 38 ಹಾಕಿದರೆ 2.53ಕ್ಕೆ ಇಳಿಯುತ್ತದೆ. 60 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಂಡರೆ, ಮೊದಲ ಬದಲಾವಣೆಯಿಂದ ಅದು ಸುಮಾರು 4690ಕ್ಕೂ ಎರಡನೆಯದರಿಂದ ಸುಮಾರು 4520ಕ್ಕೂ ಬರುತ್ತದೆ. ಮುಂದಿನ ಒಂದು ಹಲ್ಲು ಹಿಂದಿನ ಸುಮಾರು ಮೂರು ಹಲ್ಲಿಗೆ ಸಮ ಎಂಬುದನ್ನು ನೆನಪಿಟ್ಟರೆ ಈ ಎರಡು ಸಲಹೆಗಳ ನಡುವಿನ ಅಂತರ ಎಷ್ಟೆಂದು ತಾನಾಗಿ ತಿಳಿಯುತ್ತದೆ.

ಆದರೆ ಸುತ್ತು ಎಷ್ಟು ಇಳಿಯುತ್ತದೋ ಹಿಂಚಕ್ರಕ್ಕೆ ದೊರೆಯುವ ಎಳೆತವೂ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ: 16 ಹಾಕಿದರೆ ಶೇ. 6ರಷ್ಟು, 38 ಹಾಕಿದರೆ ಶೇ. 9.5ರಷ್ಟು. ಇದು ಟಾಪ್ ಗೇರಿಗೆ ಮಾತ್ರ ಅನ್ವಯಿಸುವ ಸಂಗತಿಯಲ್ಲ. ಮೊದಲ ಗೇರಿನಿಂದ ಹಿಡಿದು ನಾಲ್ಕೂ ಗೇರುಗಳು ಒಂದೇ ಪ್ರಮಾಣದಲ್ಲಿ ಬದಲಾಗುತ್ತವೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರಿನಲ್ಲಿ ಬೈಕನ್ನು ಹೊರಡಿಸುವಾಗ ಕ್ಲಚ್ಚನ್ನು ಮೊದಲಿಗಿಂತ ಹೆಚ್ಚು ಹೊತ್ತು ಅರ್ಧಕ್ಕೆ ಹಿಡಿಯಬೇಕಾಗುತ್ತದೆ, ಹಳೆಯ ಕ್ಲಚ್ ಪ್ಲೇಟುಗಳಿಗೆ ಅದು ಒಳ್ಳೆಯದಲ್ಲ.

ಗರಿಷ್ಠ ವೇಗದ ವಿಚಾರದಲ್ಲಿ ಬಹಳ ಜನರಿಗೆ ತಪ್ಪು ತಿಳಿವಳಿಕೆಯಿದೆ. ಗಾಳಿಯ ಪ್ರತಿರೋಧವನ್ನು ಮೀರಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ; ವೇಗವನ್ನು ಶೇ. 10ರಷ್ಟು ಹೆಚ್ಚಿಸಲು ಶೇ. 33ರಷ್ಟು ಹೆಚ್ಚು ಶಕ್ತಿ ಬೇಕು. ಸ್ಪ್ರಾಕೆಟ್ ಯಾವ ಶಕ್ತಿಯನ್ನೂ ಹುಟ್ಟಿಸುವುದಿಲ್ಲ, ಇರುವ ಶಕ್ತಿಯನ್ನು ಯಾವ ವೇಗದಲ್ಲಿ ಬಳಸಬೇಕೆಂಬುದನ್ನಷ್ಟೇ ನಿರ್ಧರಿಸುತ್ತದೆ. ತಯಾರಕರು ಸಾಮಾನ್ಯವಾಗಿ ಎಂಜಿನ್ ತನ್ನ ಗರಿಷ್ಠ ಶಕ್ತಿ ಕೊಡುವ ಸುತ್ತಿನ ಆಸುಪಾಸಿನಲ್ಲಿಯೇ ಬೈಕಿನ ಗರಿಷ್ಠ ವೇಗ ಬರುವಂತೆ ಅನುಪಾತವನ್ನು ಹೊಂದಿಸಿರುತ್ತಾರೆ. ಅದನ್ನು ಇಳಿಸಿದರೆ ಎಂಜಿನ್ ಆ ಸುತ್ತನ್ನು ತಲುಪುವ ಮೊದಲೇ ಗಾಳಿ ಅದನ್ನು ತಡೆದು ನಿಲ್ಲಿಸುತ್ತದೆ. ಪಿಸ್ಟನ್ ರಿಂಗುಗಳು ಸವೆದು ಕಂಪ್ರೆಶನ್ ಕಡಿಮೆಯಾಗಿರುವ ಹಳೆಯ ಎಂಜಿನ್ನಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ, ಎದುರುಗಾಳಿಯಲ್ಲಿ ಟಾಪ್ ಗೇರಿಗಿಂತ ಮೂರನೆಯ ಗೇರಿನಲ್ಲೇ ಬೈಕ್ ವೇಗವಾಗಿ ಓಡುವ ಸ್ಥಿತಿ ಬರುತ್ತದೆ.

ಹಾಗಾದರೆ ನಿಮ್ಮ ಬೈಕಿಗೆ ಹೆಚ್ಚುವರಿ ಶಕ್ತಿ ಇದೆಯೇ ಎಂದು ತಿಳಿಯುವುದು ಹೇಗೆ? ಗಾಳಿಯಿಲ್ಲದ ದಿನ, ಸಮತಟ್ಟಾದ, ವಾಹನ ಸಂಚಾರವಿಲ್ಲದ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ 60ಕ್ಕೆ ತಂದು, ಆಕ್ಸಿಲರೇಟರನ್ನು ಇನ್ನಷ್ಟು ತಿರುಗಿಸಿ ನೋಡಿ. ಬೈಕ್ ತಡವರಿಸದೆ 70 ದಾಟಿದರೆ ಒಂದು ಹಲ್ಲು ಹೆಚ್ಚಿಸಲು ಅವಕಾಶವಿದೆ. ಸಣ್ಣ ಏರಿಗೂ ಈಗಲೇ ಮೂರನೆಯ ಗೇರಿಗೆ ಇಳಿಸಬೇಕಾಗುತ್ತಿದ್ದರೆ ಈ ವಿಚಾರವನ್ನು ಇಲ್ಲಿಗೇ ಬಿಡಿ. ಅದಕ್ಕೂ ಮುಂಚೆ ಎಂಜಿನ್ ಮೌಂಟಿಂಗ್ ಬೋಲ್ಟುಗಳು ಸಡಿಲಾಗಿವೆಯೇ ಎಂದು ಪರೀಕ್ಷಿಸಿ, ಏಕೆಂದರೆ ನೀವು ಹೇಳುತ್ತಿರುವ ನಡುಕಕ್ಕೆ ಅದೇ ಕಾರಣವಿರಬಹುದು. ಮೈಲೇಜ್ ಸ್ವಲ್ಪ ಸುಧಾರಿಸುವ ಸಾಧ್ಯತೆ ಇದೆ: ಅದೇ ವೇಗಕ್ಕೆ ಕಡಿಮೆ ಸುತ್ತು ತಿರುಗುವುದರಿಂದ ಎಂಜಿನ್ನಿನ ಒಳಗಿನ ಘರ್ಷಣೆಯ ನಷ್ಟ ಕಡಿಮೆಯಾಗುತ್ತದೆ. ಆದರೆ ಆ ಆಸೆಗೆ ಕಡಿಮೆ ವೇಗದಲ್ಲೂ ಟಾಪ್ ಗೇರನ್ನೇ ಹಿಡಿದು, ಎಂಜಿನ್ ಕುಟ್ಟುವ ಸದ್ದು ಕೇಳಿದರೂ ಆಕ್ಸಿಲರೇಟರ್ ತಿರುಗಿಸುತ್ತಾ ಹೋದರೆ, ಕನೆಕ್ಟಿಂಗ್ ರಾಡಿನ ಬೇರಿಂಗ್ ಮೇಲೆ ಬೀಳುವ ಹೊರೆ ನಿಮಗೆ ಉಳಿಯುವ ಪೆಟ್ರೋಲಿಗಿಂತ ಬಹಳ ದುಬಾರಿಯಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಮೆಕ್ಯಾನಿಕ್ ಹೇಳಿದ್ದೇ ಸರಿಯಾದ ಮೊದಲ ಹೆಜ್ಜೆ. ಒಂದೇ ಹಲ್ಲಿನ ಬದಲಾವಣೆ ಸಣ್ಣದು, ಹಿಡಿಸದಿದ್ದರೆ ಹಿಂತಿರುಗುವುದು ಸುಲಭ. ಬ್ರಿಟಿಷ್ ಮಾದರಿಯ, ಎಂಜಿನ್ ಮತ್ತು ಗೇರ್‌ಬಾಕ್ಸ್ ಪ್ರತ್ಯೇಕವಾಗಿರುವ ಹಳೆಯ ಬೈಕುಗಳಲ್ಲಿ ಮಾತ್ರ ಈ ಮಾತು ಪೂರ್ತಿ ನಿಜವಲ್ಲ. ಅವುಗಳಲ್ಲಿ ಮುಂದಿನ ಸ್ಪ್ರಾಕೆಟ್ ಕ್ಲಚ್ಚಿನ ಹಿಂದೆ ಅಡಗಿರುವುದರಿಂದ ಪ್ರೈಮರಿ ಕೇಸನ್ನೂ (ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನಿನ ಪೆಟ್ಟಿಗೆ) ಕ್ಲಚ್ಚನ್ನೂ ಬಿಚ್ಚದೆ ಕೈ ತಲುಪುವುದಿಲ್ಲ. ಕೆಲವು ಬೈಕುಗಳಲ್ಲಿ ಹಿಂದಿನ ಸ್ಪ್ರಾಕೆಟ್ ಬ್ರೇಕ್ ಡ್ರಮ್ಮಿನೊಂದಿಗೇ ಒಂದಾಗಿರುವುದರಿಂದ ಅದನ್ನು ಬದಲಿಸಬೇಕೆಂದರೆ ಡ್ರಮ್ಮನ್ನೇ ಬದಲಿಸಬೇಕು.

ಕೊಳ್ಳುವಾಗ ಹಲ್ಲಿನ ಸಂಖ್ಯೆಯೊಂದನ್ನೇ ನೋಡಬೇಡಿ. ಚೈನಿನ ಪಟ್ಟಿಯ ಮೇಲೆ 428 ಎಂದಿದ್ದರೆ ಅದರ ಪಿನ್ನಿನಿಂದ ಪಿನ್ನಿಗೆ 12.7 ಮಿ.ಮೀ., 520 ಎಂದಿದ್ದರೆ 15.875 ಮಿ.ಮೀ. ಅಂತರವಿರುತ್ತದೆ, ಒಂದರ ಸ್ಪ್ರಾಕೆಟ್ ಇನ್ನೊಂದಕ್ಕೆ ಆಗದು. 428 ಚೈನಿನಲ್ಲಿ 16 ಹಲ್ಲಿನ ಸ್ಪ್ರಾಕೆಟ್ಟಿನ ವ್ಯಾಸ 15ರದ್ದಕ್ಕಿಂತ 4 ಮಿ.ಮೀ. ಹೆಚ್ಚಾಗುವುದರಿಂದ, ಕವರಿನ ಒಳಗೋಡೆಗೂ ಚೈನಿಗೂ ನಡುವೆ ಸುತ್ತಲೂ 2 ಮಿ.ಮೀ. ಜಾಗ ಕಡಿಮೆಯಾಗುತ್ತದೆ. ಜೋಡಿಸಿದ ಮೇಲೆ ಕವರ್ ಹಾಕಿ, ಚಕ್ರವನ್ನು ಕೈಯಿಂದ ತಿರುಗಿಸಿ, ಎಲ್ಲಾದರೂ ಉಜ್ಜುವ ಸದ್ದು ಬರುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿ. ನಟ್ಟಿನ ಕೆಳಗಿನ ಮಡಚುವ ಲಾಕ್ ವಾಷರನ್ನು ಹೊಸದಾಗಿಯೇ ಹಾಕಿ. ಒಮ್ಮೆ ಮಡಚಿ ಬಿಡಿಸಿದ ತಗಡನ್ನು ಮತ್ತೆ ಮಡಚಿದರೆ ಅದು ಸೀಳುತ್ತದೆ.

ಪ್ರಶ್ನೆ: ನನ್ನ ಸಮಸ್ಯೆ ಇದಕ್ಕೆ ವಿರುದ್ಧವಾದದ್ದು. ಇಬ್ಬರು ಕುಳಿತು ಸಾಮಾನು ಹೇರಿಕೊಂಡು ಕಡಿದಾದ ಏರು ಹತ್ತಬೇಕಾಗುತ್ತದೆ. ನನ್ನ ಬೈಕಿನಲ್ಲೂ 15 ಮತ್ತು 42 ಹಲ್ಲುಗಳಿವೆ. ಮುಂದೆ 14 ಹಾಕಿದರೆ ಚೈನ್ ಬೇಗ ಹಾಳಾಗುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ನಿಜ, ಆದರೆ ಒಂದು ಹಲ್ಲಿನ ಮಟ್ಟಿಗೆ ಹೆದರಬೇಕಾದಷ್ಟಲ್ಲ. ಚೈನ್ ಉರುಟಾದ ಗಾಲಿಯನ್ನು ಸುತ್ತುವುದಿಲ್ಲ, ಹಲ್ಲುಗಳಷ್ಟೇ ಮೂಲೆಗಳಿರುವ ಬಹುಭುಜವನ್ನು ಸುತ್ತುತ್ತದೆ. 15 ಹಲ್ಲಿದ್ದರೆ ಪ್ರತಿ ಕೊಂಡಿಯೂ 24 ಡಿಗ್ರಿ ಬಾಗಬೇಕು, 13 ಹಲ್ಲಿದ್ದರೆ ಸುಮಾರು 28 ಡಿಗ್ರಿ. ಬಾಗುವಾಗಲೇ ಪಿನ್ನು ಸವೆಯುವುದು. ಇದರ ಜೊತೆಗೆ ಸಣ್ಣ ಸ್ಪ್ರಾಕೆಟ್ಟಿನ ತ್ರಿಜ್ಯ ಕಡಿಮೆಯಿರುವುದರಿಂದ ಎಂಜಿನ್ನಿನ ಅದೇ ತಿರುಚುಬಲಕ್ಕೆ ಚೈನಿನ ಮೇಲೆ ಬೀಳುವ ಎಳೆತ ಹೆಚ್ಚುತ್ತದೆ, ಚೈನ್ ಕೆಳಕ್ಕೆ ಸರಿದು ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಮೇಲಿರುವ ರಬ್ಬರ್ ಪಟ್ಟಿಯನ್ನು ಉಜ್ಜಬಹುದು.

ನಿಮ್ಮ ಅಳತೆಯಲ್ಲಿ ಒಂದು ಅನುಕೂಲವಿದೆ. 14ಕ್ಕೆ 42 ಎಂದರೂ 15ಕ್ಕೆ 45 ಎಂದರೂ ಅನುಪಾತ ಸರಿಯಾಗಿ 3.0. ಎಳೆತದಲ್ಲಿ ಎರಡೂ ಒಂದೇ, ಶೇ. 7ರಷ್ಟು ಹೆಚ್ಚು. 45 ಹಲ್ಲಿನದು ದೊರೆಯುವುದಾದರೆ ಚೈನಿನ ಆಯುಷ್ಯದ ದೃಷ್ಟಿಯಿಂದ ನಾನು ಅದನ್ನೇ ಆರಿಸುತ್ತೇನೆ. ಆದರೆ 428 ಚೈನಿನಲ್ಲಿ, ಮುಂದೆ ಒಂದು ಹಲ್ಲು ಇಳಿಸಿದರೆ ಹಿಂದಿನ ಆಕ್ಸಲ್ ಸುಮಾರು 3 ಮಿ.ಮೀ. ಹಿಂದಕ್ಕೆ ಹೋದರೆ ಸಾಕು. ಹಿಂದೆ ಮೂರು ಹಲ್ಲು ಏರಿಸಿದರೆ ಅದು ಸುಮಾರು 10 ಮಿ.ಮೀ. ಮುಂದಕ್ಕೆ ಬರಬೇಕು. ಅಷ್ಟು ಜಾಗವಿಲ್ಲದಿದ್ದರೆ ಎರಡು ಕೊಂಡಿ ಉದ್ದನೆಯ ಚೈನ್ ಬೇಕಾಗುತ್ತದೆ. ಹಗ್ಗದಂತೆ ಬೇಕಾದಷ್ಟೇ ಉದ್ದಕ್ಕೆ ಚೈನನ್ನು ಕತ್ತರಿಸಲಾಗದು, ಒಳಕೊಂಡಿ ಮತ್ತು ಹೊರಕೊಂಡಿ ಜೋಡಿಯಾಗಿಯೇ ಹೆಚ್ಚಬೇಕು.

ಸವೆದ ಚೈನಿಗೆ ಹೊಸ ಸ್ಪ್ರಾಕೆಟ್ ಜೋಡಿಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಚೈನನ್ನು ಬಿಗಿಯಾಗಿ ಎಳೆದು ಹಿಡಿದು 20 ಕೊಂಡಿಗಳ ಉದ್ದ ಅಳೆಯಿರಿ. ಹೊಸ 428 ಚೈನಿನಲ್ಲಿ ಅದು 254 ಮಿ.ಮೀ. ಇರುತ್ತದೆ, 259 ಮುಟ್ಟಿದ್ದರೆ ಶೇ. 2ರಷ್ಟು ಹಿಗ್ಗಿದೆ ಎಂದರ್ಥ. ಅಂಥ ಚೈನ್ ಹೊಸ ಹಲ್ಲಿನ ಬುಡದಲ್ಲಿ ಕೂರದೆ ತುದಿಗೆ ಏರಿ, ಸ್ವಲ್ಪ ಕಾಲದಲ್ಲೇ ಹಲ್ಲನ್ನು ಕೊಕ್ಕೆಯಂತೆ ಕೊರೆದುಬಿಡುತ್ತದೆ. ಚೈನಿನ ಎರಡು ತುದಿಗಳನ್ನು ಸೇರಿಸುವ ಚೈನ್ ಲಾಕಿನ ಕ್ಲಿಪ್ಪನ್ನು ಹಾಕುವಾಗ ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು.

ಪ್ರಶ್ನೆ: ಮುಂದೆ 15ರ ಬದಲು 16 ಹಲ್ಲು ಹಾಕಿಸಿದ ಮೇಲೆ ಮೈಲೇಜ್ ಹೆಚ್ಚುವ ಬದಲು ಕಡಿಮೆಯಾದಂತೆ ತೋರುತ್ತಿದೆ. ಏಕೆ?

ಉತ್ತರ: ಮುಂಚಕ್ರವನ್ನು ನೆಲದಿಂದ ಎತ್ತಿ ಕೈಯಿಂದ ಜೋರಾಗಿ ತಿರುಗಿಸಿ ನೋಡಿ. ಸ್ಪೀಡೋಮೀಟರಿನ ಮುಳ್ಳು ಅಲುಗಿದರೆ ಅದರ ಕೇಬಲ್ ಚಕ್ರದಿಂದಲೇ ಬಂದಿದೆ, ಲೆಕ್ಕ ಸರಿಯಾಗಿದೆ, ಎಂಜಿನ್ ತಿಣುಕುತ್ತಿರುವುದೇ ಕಾರಣವಿರಬಹುದು. ಮುಳ್ಳು ಅಲುಗದೆ, ಕೇಬಲ್ ಗೇರ್‌ಬಾಕ್ಸಿನಿಂದ ಬಂದಿರುವುದು ಕಂಡುಬಂದರೆ, ನಿಮ್ಮ ಮೀಟರ್ ಈಗ ಕಡಿಮೆ ತೋರಿಸುತ್ತಿದೆ: ಮುಳ್ಳು 60ರಲ್ಲಿರುವಾಗ ಬೈಕ್ 64ರಲ್ಲಿ ಓಡುತ್ತಿರುತ್ತದೆ, ಓಡೋಮೀಟರಿನಲ್ಲಿ 150 ಕಿ.ಮೀ. ಸೇರಿದಾಗ ನೀವು 160 ಕಿ.ಮೀ. ಕ್ರಮಿಸಿರುತ್ತೀರಿ. ಮೀಟರಿನ ಕಿಲೋಮೀಟರನ್ನು 16ರಿಂದ ಗುಣಿಸಿ 15ರಿಂದ ಭಾಗಿಸಿ, ಆ ಬಳಿಕ ಪೆಟ್ರೋಲಿನ ಲೆಕ್ಕ ಹಾಕಿ. ಸ್ಪ್ರಾಕೆಟ್ ಬದಲಿಸಿದ ದಿನ ಮೀಟರಿನಲ್ಲಿದ್ದ ಸಂಖ್ಯೆಯನ್ನು ಬೈಕಿನ ಪುಸ್ತಕದಲ್ಲಿ ಬರೆದಿಡಿ, ಆಯಿಲ್ ಬದಲಾವಣೆಯ ಅವಧಿಯನ್ನೂ ಆ ಸಂಖ್ಯೆಯಿಂದ ಮುಂದಕ್ಕೆ ಇದೇ ರೀತಿ ಸರಿಪಡಿಸಿಕೊಳ್ಳಬೇಕಾಗುತ್ತದೆ.